ಅಲಸಂಡೆ ಎಲೆಯಡಿ ಬಲೆ ಕಟ್ಟುವ ಕೆಂಪು ನುಸಿ: ಮದ್ದು ಹೊಡೆದ ಮೇಲೆ ಜಾಸ್ತಿಯಾಗಿದೆ, ಎಂತ ಮಾಡುವುದು?

ಪೆರ್ಲ_ಗದ್ದೆಬದಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಅಡಿಕೆ ತೋಟದ ಕೆಳಗಿನ ಗದ್ದೆಯಲ್ಲಿ ಈ ಸಲ ವಿಷುವಿನ ಲೆಕ್ಕ ಹಾಕಿ ತರಕಾರಿ ಮಾಡಿದ್ದೇವೆ. ಅಲಸಂಡೆ ಜಾಸ್ತಿ, ಮತ್ತೆ ಬೆಂಡೆ, ಬದನೆ, ಒಂದು ಬದಿಯಲ್ಲಿ ಸೌತೆ.

ಮಾರ್ಚ್ ಶುರುವಿನಲ್ಲಿ ಅಲಸಂಡೆಯ ಕೆಳಗಿನ ಎಲೆಗಳಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕಿ ಕಂಡಿತು. ನೀರು ಕಡಿಮೆಯಾಗಿರಬೇಕು ಅಂತ ಅಪ್ಪ ಹೇಳಿದರು, ನೀರು ಹೆಚ್ಚು ಬಿಟ್ಟೆವು, ಕಡಿಮೆಯಾಗಲಿಲ್ಲ. ಈಗ ಎಲೆಗಳು ಪೂರ್ತಿ ಮಾಸಿದ ಬಣ್ಣಕ್ಕೆ ಬಂದು ಒಣಗಿ ಉದುರುತ್ತಿವೆ. ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಸಪೂರ ಬಲೆ, ಅದರೊಳಗೆ ಧೂಳಿನ ಹಾಗೆ ಕೆಂಪಗೆ ಓಡಾಡುವ ಏನೋ ಉಂಟು. ಬೆಂಡೆಗೂ ಹತ್ತಿದೆ. ಬದನೆಯಲ್ಲಿ ಈಗಷ್ಟೇ ಶುರು.

ಪೇಟೆಯ ಮದ್ದಿನ ಅಂಗಡಿಯಲ್ಲಿ ಎಲೆ ತೋರಿಸಿದೆ. ರಸ ಹೀರುವ ಕೀಟ ಅಂತ ಇಮಿಡಾಕ್ಲೋಪ್ರಿಡ್ ಕೊಟ್ಟರು. ಅದನ್ನು ಬಿಟ್ಟ ಮೇಲೆ ತುದಿಯಲ್ಲಿದ್ದ ಕರಿ ಹೇನು ಎಲ್ಲ ಸತ್ತಿತು, ಈ ಕೆಂಪು ಮಾತ್ರ ಮೊದಲಿಗಿಂತ ಜೋರಾಯಿತು. ಪುನಃ ಹೋದಾಗ ಲ್ಯಾಂಬ್ಡಾ ಸೈಹಲೋಥ್ರಿನ್ ಅಂತ ಬೇರೆ ಬಾಟಲಿ ಕೊಟ್ಟಿದ್ದಾರೆ. ಅದನ್ನು ಇನ್ನೂ ಒಡೆದಿಲ್ಲ. ಒಡೆಯಲು ಅಮ್ಮ ಬಿಡುವುದೂ ಇಲ್ಲ. ನಮ್ಮದು ಎಣ್ಮಕಜೆ ಪಂಚಾಯತು, ಎಂಡೋಸಲ್ಫಾನ್ ಮದ್ದಿನಿಂದ ಜನ ನರಳಿದ ಕಾಲ ಕಣ್ಣಾರೆ ಕಂಡವರು, ಮದ್ದಿನ ಡಬ್ಬ ಜಗಲಿಗೆ ಬಂದರೇ ಗಲಾಟೆ.

ಕೇಳುವುದು ಇಷ್ಟು. ಇದು ಎಂತ ಹುಳ? ಮದ್ದು ಬಿಟ್ಟ ಮೇಲೆ ಜಾಸ್ತಿ ಯಾಕಾಯಿತು? ತೆಂಗಿನಕಾಯಿಗೆ ಬರುವ ನುಸಿಯೇ ಇದು ಇರಬಹುದೇನೋ ಅಂತ ಸಂಶಯ. ಇನ್ನೊಂದು, ಮೇಲಿನ ಬದಿ ಹೊಸದಾಗಿ ಇಟ್ಟ ಅಡಿಕೆ ಸಸಿಗಳ ಎಲೆಯೂ ಹಳದಿ ಆಗಿ ಕಂದು ಬಣ್ಣಕ್ಕೆ ತಿರುಗುತ್ತಿದೆ. ಗದ್ದೆಯಿಂದಲೇ ಹತ್ತಿದ್ದಾ?

ನೀರ್ಚಾಲು_ಕೃಷಿಕ

ಆ ಎರಡನೇ ಬಾಟಲಿ ಒಡೆಯಬೇಡಿ. ಆಗುವುದಾದರೆ ಅಂಗಡಿಗೆ ವಾಪಸು ಕೊಡಿ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಜೇಡ ನುಸಿಯೇ. ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಬಿಳಿ ಕಾಗದ ಹಿಡಿದು ಅದರ ಮೇಲೆ ಎಲೆಯನ್ನು ಎರಡು ಸಲ ತಟ್ಟಿ. ಬಿದ್ದ ಧೂಳಿನಲ್ಲಿ ಕೆಲವು ಕಣ ನಡೆಯಲು ಶುರು ಮಾಡಿದರೆ ಅದೇ. ದೊಡ್ಡದಾದ ಹೆಣ್ಣು ನುಸಿ ಹೆಚ್ಚೆಂದರೆ ಅರ್ಧ ಮಿಲಿಮೀಟರ್. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಲೆನ್ಸ್ ಇದ್ದರೆ ಕಾಲೂ ಕಾಣುತ್ತದೆ. ಎಂಟು ಕಾಲು. ಅಂದರೆ ಇದು ಕೀಟವೇ ಅಲ್ಲ, ಜೇಡ, ಉಣ್ಣಿಗಳ ಕಡೆಯದು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಉಂಟು. ಕೀಟಕ್ಕೆ ಅಂತ ಮಾಡಿದ ಎಷ್ಟೋ ಮದ್ದು ಇದಕ್ಕೆ ನಾಟುವುದಿಲ್ಲ. ಇಮಿಡಾಕ್ಲೋಪ್ರಿಡ್ ಹೇನು, ಜಿಗಿಹುಳ, ಬಿಳಿನೊಣಕ್ಕೆ ಸರಿ, ನುಸಿಗೆ ಎಂತದೂ ಆಗುವುದಿಲ್ಲ.

ಇನ್ನು ಜಾಸ್ತಿ ಯಾಕಾಯಿತು ಅಂದರೆ, ನುಸಿಯನ್ನು ತಿಂದು ಬದುಕುವ ಜೀವಿಗಳು ನಿಮ್ಮ ಗದ್ದೆಯಲ್ಲಿ ಮೊದಲೇ ಇದ್ದವು. ಸ್ಟೆಥೋರಸ್ ಅಂತ ಒಂದು ಕಪ್ಪು ಗುಲಗಂಜಿ ಹುಳ ಉಂಟು, ಸಾಸಿವೆ ಕಾಳಿಗಿಂತಲೂ ಸಣ್ಣದು, ಅದಕ್ಕೆ ಜೇಡ ನುಸಿಯೇ ಊಟ. ಮತ್ತೆ ನುಸಿಯನ್ನೇ ತಿನ್ನುವ ಇನ್ನೊಂದು ಜಾತಿಯ ನುಸಿ ಉಂಟು, ಸ್ವಲ್ಪ ಮಾಸಲು ಬಣ್ಣ, ಹೊಳಪು ಮೈ, ಎಲೆಯಡಿ ತುಂಬಾ ಚುರುಕಾಗಿ ಓಡುತ್ತದೆ. ಮದ್ದಿಗೆ ಮೊದಲು ಸಾಯುವುದು ಇಂಥವು. ಜೊತೆಗೆ ಇಮಿಡಾಕ್ಲೋಪ್ರಿಡ್ ಬಿಟ್ಟ ಕೆಲವು ಬೆಳೆಗಳಲ್ಲಿ ಜೇಡ ನುಸಿ ಮೊಟ್ಟೆ ಇಡುವುದೇ ಹೆಚ್ಚಾಗುತ್ತದೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಲ್ಯಾಂಬ್ಡಾ, ಸೈಪರ್‌ಮೆಥ್ರಿನ್ ಇವೆಲ್ಲ ಇನ್ನೂ ಕಷ್ಟ. ತಿನ್ನುವವರನ್ನು ಗುಡಿಸಿ ಹಾಕಿ ನುಸಿಗೆ ಗದ್ದೆ ಬಿಟ್ಟುಕೊಟ್ಟ ಹಾಗೆ ಆಗುತ್ತದೆ.

ಇದು ಹೆಚ್ಚುವ ವೇಗವೂ ಹೆದರಿಕೆ ಹುಟ್ಟಿಸುವಂಥದ್ದು. ಒಂದು ಹೆಣ್ಣು ಅದರ ಆಯುಷ್ಯದಲ್ಲಿ 100 ಮೊಟ್ಟೆಯವರೆಗೆ ಇಡುತ್ತದೆ. ನಮ್ಮ ಮಾರ್ಚ್–ಏಪ್ರಿಲ್ ಸೆಕೆಯಲ್ಲಿ, 30 ಡಿಗ್ರಿ ಆಸುಪಾಸು, ಮೊಟ್ಟೆಯಿಂದ ದೊಡ್ಡದಾಗಲು ಒಂದು ವಾರ, ಹತ್ತು ದಿನ ಸಾಕು. ಗಂಡು ಸೇರದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಆ ಮೊಟ್ಟೆಯಿಂದ ಬರುವುದು ಗಂಡು ಮಾತ್ರ, ಆಮೇಲೆ ಅದರ ಜೊತೆಗೇ ಸೇರಿ ಹೆಣ್ಣನ್ನೂ ಹುಟ್ಟಿಸುತ್ತದೆ. ಹಾಗಾಗಿ ಗಾಳಿಗೆ ನೂಲು ಹಿಡಿದು ಹಾರಿ ಬಂದ ಒಂದೇ ಒಂದು ನುಸಿ ಸಾಕು, ಸಾಲು ಪೂರ್ತಿ ಹತ್ತುತ್ತದೆ.

ಮೊದಲ ಕೆಲಸ ನೀರು. ಬುಡಕ್ಕೆ ಅಲ್ಲ, ಎಲೆಯ ಅಡಿಗೆ. ಪೈಪಿನ ಬಾಯಿಗೆ ಬೆರಳು ಕೊಟ್ಟು ಕೆಳಗಿನಿಂದ ಮೇಲಕ್ಕೆ ಜೋರಾಗಿ ಹೊಡೆಯಿರಿ. ಬಲೆ ಹರಿಯಬೇಕು, ನುಸಿ ಉದುರಬೇಕು. ಬೆಳಗ್ಗೆಯೇ ಮಾಡಿ, ಸಂಜೆಯೊಳಗೆ ಎಲೆ ಒಣಗಲಿ. ಒಂದು ದಿನ ಬಿಟ್ಟು ಒಂದು ದಿನ ಎರಡು ವಾರ ಮಾಡಿ ನೋಡಿ, ಅರ್ಧಕ್ಕರ್ಧ ಇಳಿಯುತ್ತದೆ. ತೀರಾ ಹೋದ ಕೆಳಗಿನ ಎಲೆಗಳನ್ನು ಕೊಯ್ದು ಅಲ್ಲಿಯೇ ಚೀಲಕ್ಕೆ ತುಂಬಿಸಿ, ಹೊರಗೆ ತಂದು ಸುಡಿ. ಕೈಯಲ್ಲಿ ಹಿಡಿದುಕೊಂಡು ಇಡೀ ಗದ್ದೆ ಸುತ್ತಬೇಡಿ, ಬಟ್ಟೆಗೆ ಅಂಟಿಕೊಂಡು ಬದನೆ ಸಾಲಿಗೂ ಹೋಗುತ್ತದೆ. ಇನ್ನು ಮುಂದೆ ಹತ್ತಿದ ಸಾಲಿನ ಕೆಲಸ ಕೊನೆಗೆ ಇಟ್ಟುಕೊಳ್ಳಿ.

ಸುರಂಗದ_ನೀರು

ಇಷ್ಟೆಲ್ಲ ಯಾಕೆ ಮಾರಾಯ್ರೆ, ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ತನ್ನಷ್ಟಕ್ಕೆ ತೊಳೆದು ಹೋಗುತ್ತದೆ.

ಮತ್ತೆ ನೀರು ಹೊಡೆಯಿರಿ ಅಂತ ಸುಲಭದಲ್ಲಿ ಹೇಳಿದಿರಿ. ನಮ್ಮಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಏಪ್ರಿಲ್‌ಗೆ ಬೆರಳಿನಷ್ಟು ದಪ್ಪ ಬಂದರೆ ಪುಣ್ಯ. ಕುಡಿಯಲಿಕ್ಕಾ, ದನಕ್ಕಾ, ಎಲೆಯ ಅಡಿಗಾ?

ನೀರ್ಚಾಲು_ಕೃಷಿಕ

ಮಳೆಗೆ ಹೋಗುವುದು ಹೌದು. ಅವರಿಗೆ ಬೇಕಾದ್ದು ವಿಷುವಿಗೆ ಅಲಸಂಡೆ, ಜೂನಿಗೆ ಅಲ್ಲ. ನೀರು ಕಡಿಮೆ ಇದ್ದರೆ ಬೆನ್ನಿಗೆ ಹಾಕುವ ಸ್ಪ್ರೇಯರ್‌ನಲ್ಲಿ ಬರೀ ನೀರು ತುಂಬಿಸಿ ಅಡಿಗೆ ಬಿಡಿ, ಅಷ್ಟು ನೀರು ಬೇಕಾಗುವುದಿಲ್ಲ. ಜೋರು ಕಡಿಮೆ, ಅಂದರೂ ಬಿಡದೇ ಇರುವುದಕ್ಕಿಂತ ಒಳ್ಳೆಯದು.

ಮುಳ್ಳೇರಿಯದ_ಕೈತೋಟ

ಕೃಷಿಕ ಅಣ್ಣ ಹೇಳಿದ್ದಕ್ಕೆ ನನ್ನದೊಂದಷ್ಟು ಸೇರಿಸುತ್ತೇನೆ. ನಾನು ಮನೆ ಖರ್ಚಿಗೆ, ಮಿಕ್ಕಿದ್ದು ಹತ್ತಿರದ ಅಂಗಡಿಗೆ ಕೊಡುವಷ್ಟು ಮಾತ್ರ ಬೆಳೆಯುವವಳು.

ನೀರು ಹೊಡೆದ ಮಾರನೇ ದಿನ ಸಂಜೆ ಬೇವಿನೆಣ್ಣೆ–ಬೆಳ್ಳುಳ್ಳಿ ಮಿಶ್ರಣ ಬಿಡಿ. ಕೃಷಿಭವನದಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. 1 ಲೀಟರ್ ನೀರಿಗೆ 20 ಮಿ.ಲೀ. ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಬಾರ್ ಸೋಪು. ಮಾಡುವ ಕ್ರಮ ತಪ್ಪಿದರೆ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಬಿಟ್ಟರೆ ಎಲೆ ಸುಡುತ್ತದೆ, ನುಸಿ ಸಾಯುವುದಿಲ್ಲ. ಸೋಪನ್ನು ತುರಿದು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ. ಎಣ್ಣೆಯನ್ನು ಆ ಸೋಪಿನ ನೀರಿಗೆ ಸ್ವಲ್ಪ ಸ್ವಲ್ಪ ಹಾಕುತ್ತಾ ಚೆನ್ನಾಗಿ ಕದಡಿ, ಹಾಲಿನ ಬಣ್ಣ ಬರಬೇಕು. ಬೆಳ್ಳುಳ್ಳಿ ಅರೆದು ರಸ ಸೋಸಿ ಸೇರಿಸಿ. ಆಮೇಲೆ ಉಳಿದ ನೀರು. ಬಟ್ಟೆಯಲ್ಲಿ ಸೋಸಲು ಮರೆಯಬೇಡಿ, ಸ್ಪ್ರೇಯರ್‌ನ ಬಾಯಿ ಕಟ್ಟಿಕೊಂಡರೆ ಸಿಟ್ಟು ನೆತ್ತಿಗೇರುತ್ತದೆ. ಮಾಡಿದ್ದನ್ನು ಅದೇ ದಿನ ಮುಗಿಸಿ.

ಒಂದು ಸಲ ಬಿಟ್ಟು "ಬೇವು ಕೆಲಸ ಮಾಡುವುದಿಲ್ಲ" ಅಂತ ಹೇಳುವವರೇ ಜಾಸ್ತಿ. ಮೊಟ್ಟೆಗಳು ಉಳಿದಿರುತ್ತವೆ. ಐದಾರು ದಿನ ಬಿಟ್ಟು ಪುನಃ, ಮತ್ತೊಮ್ಮೆ ಪುನಃ. ಮೂರು ಸಲವಾದರೂ ಬೇಕು. ಮೈಗೆ ತಾಗಿದ ನುಸಿ ಮಾತ್ರ ಸಾಯುವುದು, ಹಾಗಾಗಿ ಎಲೆಯ ಮೇಲ್ಭಾಗ ಒದ್ದೆ ಮಾಡಿ ಬಂದರೆ ಸುಮ್ನೆ ಎಣ್ಣೆ ದಂಡ.

ಗಂಜಿ ತೆಳಿಯೂ ಆಗುತ್ತದೆ. ತೆಳು ಮಾಡಿ ಎಲೆಯಡಿಗೆ ಬಿಟ್ಟರೆ ಒಣಗುವಾಗ ನುಸಿಯನ್ನು ಎಲೆಗೇ ಅಂಟಿಸಿ ಬಿಡುತ್ತದೆ. ಕರಿಬೇವಿನ ಗಿಡಕ್ಕೆ ನಾನು ಇದು ಬಿಟ್ಟರೆ ಬೇರೆ ಏನೂ ಬಿಡುವುದಿಲ್ಲ. ಎರಡು ದಿನ ಬಿಟ್ಟು ಬರೀ ನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಇರುವೆ ಬರುತ್ತದೆ.

ಅಮ್ಮನವರಿಗೆ ನನ್ನ ಬೆಂಬಲ ಉಂಟು ಅಂತ ಹೇಳಿ!

ಹೊಗೆಸೊಪ್ಪು_ಅಜ್ಜ

ಹೊಗೆಸೊಪ್ಪಿನ ಕಷಾಯ ಮರೆತೇ ಬಿಟ್ಟಿರಾ? ನಮ್ಮ ಜಿಲ್ಲೆಯ ತೆಂಕು ಬದಿ, ಪಳ್ಳಿಕ್ಕೆರೆ ಕಡೆ ಗದ್ದೆಗದ್ದೆ ಹೊಗೆಸೊಪ್ಪು ಬೆಳೆಯುತ್ತಿದ್ದರು. ಅಲಸಂಡೆ ಹೇನಿಗೆ ಅದಕ್ಕಿಂತ ಮೇಲಿನ ಮದ್ದು ಇಲ್ಲ.

ನೀರ್ಚಾಲು_ಕೃಷಿಕ

ಅಜ್ಜ, ಹೇನಿಗೆ ಹೌದು. ನುಸಿಗೆ ಅಲ್ಲ. ಹೊಗೆಸೊಪ್ಪಿನ ನಿಕೋಟಿನ್ ಕೀಟದ ನರಕ್ಕೆ ಹೊಡೆಯುವ ಕ್ರಮದಲ್ಲಿಯೇ ಇಮಿಡಾಕ್ಲೋಪ್ರಿಡ್ ಗುಂಪೂ ಹೊಡೆಯುವುದು. ಆ ಬಾಟಲಿಗೆ ಬಗ್ಗದ ನುಸಿ ಕಷಾಯಕ್ಕೂ ಬಗ್ಗುವುದಿಲ್ಲ. ಮತ್ತೆ ಅದು ನಾಟಿ ಅಂತ ಮುಖಕ್ಕೆ ಬಟ್ಟೆ ಕಟ್ಟದೆ ಬಿಡುವವರಿದ್ದಾರೆ, ನಿಕೋಟಿನ್ ನಮಗೂ ವಿಷವೇ.

ಮಂಜೇಶ್ವರ_ಮಲ್ಲಿಗೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ.

ಮಲ್ಲಿಗೆಗೂ ಇದೇ ನುಸಿ ಬರುತ್ತದೆ. ಬುಡ ಜಾಸ್ತಿ ಇದ್ದವರಿಗೆ, ಕೂಲಿಗೆ ಜನ ಸಿಗದವರಿಗೆ ಎಲೆ ಎಲೆ ಮಗುಚಿ ನೀರು ಹೊಡೆಯುವುದು ಹೇಳಿದಷ್ಟು ಸುಲಭ ಅಲ್ಲ. ಕೈಮೀರಿದ ಮೇಲೆ ನುಸಿಗೆ ಅಂತಲೇ ಇರುವ ಮದ್ದು ಬಿಡಲೇಬೇಕಾಗುತ್ತದೆ. ಪ್ರೊಪರ್‌ಗೈಟ್, ಸ್ಪೈರೊಮೆಸಿಫೆನ್, ಫೆನಾಜಾಕ್ವಿನ್, ಇಂಥವು. ಇದರಲ್ಲಿ ಸ್ಪೈರೊಮೆಸಿಫೆನ್ ಮೊಟ್ಟೆ ಮತ್ತು ಮರಿಗಳಿಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ನಿಧಾನ, ಬಿಟ್ಟ ಮಾರನೇ ದಿನ ಹೋಗಿ ನೋಡಿ "ಸತ್ತಿಲ್ಲ" ಅಂತ ಹೇಳಬೇಡಿ. ಒಂದೇ ಮದ್ದನ್ನು ಮೇಲಿಂದ ಮೇಲೆ ಬಿಟ್ಟರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ತಲೆಮಾರು ಬೇಗ ಬೇಗ ಬದಲುವ ಜೀವಿ ಅಲ್ವಾ, ಮದ್ದಿಗೆ ಜಗ್ಗದವು ಬೇಗ ಉಳಿದು ಬೆಳೆಯುತ್ತವೆ. ಎರಡನೇ ಸಲ ಬೇರೆ ಗುಂಪಿನದ್ದು, ಅಂದರೆ ನುಸಿಯನ್ನು ಬೇರೆ ರೀತಿಯಲ್ಲಿ ಕೊಲ್ಲುವಂಥದ್ದು ತೆಗೆದುಕೊಳ್ಳಿ. ಹೆಸರು ಬೇರೆ ಅಂತ ಗುಂಪು ಬೇರೆ ಆಗುವುದಿಲ್ಲ, ಅಂಗಡಿಯವರಲ್ಲಿ ಕೇಳಿ, ಇಲ್ಲವಾದರೆ ಲೇಬಲ್ ಓದಿ.

ಹಳೆಯ ಡೈಕೋಫಾಲ್ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಮೊದಲು ನುಸಿ ಅಂದರೆ ಅದೇ ಮದ್ದು ಅಂತ ಇತ್ತು. ಕೇಂದ್ರ ಸರಕಾರ 2023ರಲ್ಲಿ ಅದನ್ನು ನಿಷೇಧಿಸಿದೆ.

ಇಷ್ಟು ಹೇಳಿದ ಮೇಲೆ, ನಿಮ್ಮ ಅಲಸಂಡೆಗೆ ಇದರಲ್ಲಿ ಯಾವುದನ್ನೂ ಬಿಡಿ ಅಂತ ನಾನು ಹೇಳುವುದಿಲ್ಲ. ಲೇಬಲ್‌ನಲ್ಲಿ ಬದನೆ, ಮೆಣಸಿನ ಹೆಸರು ಇರುತ್ತದೆ, ಇಷ್ಟು ದಿನ ಕೊಯ್ಯಬಾರದು ಅಂತಲೂ ಬರೆದಿರುತ್ತದೆ. ಅಲಸಂಡೆಯನ್ನು ಒಂದು ದಿನ ಬಿಟ್ಟು ಒಂದು ದಿನ ಕೊಯ್ಯಬೇಕು, ಇಲ್ಲವಾದರೆ ಬೀಜ ಬಲಿತು ಯಾರೂ ತೆಗೆದುಕೊಳ್ಳುವುದಿಲ್ಲ. ಕಾಯುವ ದಿನ ಲೆಕ್ಕ ಹಾಕಿದರೆ ಕೊಯ್ಲೇ ಹೋಯಿತು. ಬದನೆಗೆ ಬೇಕಾದರೆ ಯೋಚನೆ ಮಾಡಿ, ಅದೂ ನೀರು, ಬೇವು ಎರಡೂ ಆಗಿ ನಿಲ್ಲದಿದ್ದರೆ ಮಾತ್ರ.

ಪೆರ್ಲ_ಗದ್ದೆಬದಿ

ಎಲ್ಲರಿಗೂ ಥ್ಯಾಂಕ್ಸ್. ಕಾಗದದ ಮೇಲೆ ತಟ್ಟಿ ನೋಡಿದೆ. ನಡೆದಾಡುತ್ತದೆ! ಅಮ್ಮನಿಗೆ ಲೆನ್ಸ್ ಕೊಟ್ಟು ತೋರಿಸಿದೆ, "ಉಣ್ಣಿಯ ಸಂತಾನವೇ" ಅಂತ ಒಪ್ಪಿದರು. ಇವತ್ತು ಬೆಳಗ್ಗೆ ಅಲಸಂಡೆ ಸಾಲು ಪೂರ್ತಿ ಅಡಿಯಿಂದ ನೀರು ಹೊಡೆದೆವು.

ಎರಡು ಸಂಶಯ ಉಳಿದಿದೆ. ಸೌತೆಗೆ ಇನ್ನೂ ಬಂದಿಲ್ಲ. ಒಬ್ಬರು ಗಂಧಕದ ಪುಡಿ ಬಿಡಿ, ಸಾವಯವದವರೂ ಬಿಡುತ್ತಾರೆ ಅಂತ ಹೇಳಿದರು. ಬಿಡಬಹುದಾ? ಮತ್ತೆ ಅಡಿಕೆ ಸಸಿಯದ್ದು ಯಾರೂ ಹೇಳಲಿಲ್ಲ.

ಬದಿಯಡ್ಕ_ಅಡಿಕೆ

ಸಸಿಯದ್ದು ನಾನು ಹೇಳುತ್ತೇನೆ. ನಿಮ್ಮ ಗದ್ದೆಯ ನುಸಿ ಮೇಲೆ ಹತ್ತಿದ್ದು ಆಗಿರಲಿಕ್ಕಿಲ್ಲ. ಅಡಿಕೆಗೆ ಬೇರೆಯೇ ಎರಡು ಉಂಟು.

ಒಂದು ಬಿಳಿ ನುಸಿ. ಅದೂ ಜೇಡ ನುಸಿಯ ಕುಟುಂಬದ್ದೇ, ಎಲೆಯಡಿ ತೆಳು ಬಲೆ ಕಟ್ಟಿ ಒಳಗೆ ಕೂತಿರುತ್ತದೆ. ಇನ್ನೊಂದು ಕೆಂಪು ನುಸಿ, ರಾಯೊಯೆಲ್ಲಾ ಇಂಡಿಕಾ. ಕೆಂಪು ಅಂದ ಕೂಡಲೇ ನಿಮ್ಮ ಅಲಸಂಡೆಯದ್ದು ಅಂದುಕೊಳ್ಳಬೇಡಿ. ಇದು ಬಲೆ ಕಟ್ಟುವುದಿಲ್ಲ. ಲೆನ್ಸ್ ಹಿಡಿದರೆ ಬೆನ್ನಿನ ರೋಮದ ತುದಿಗಳಲ್ಲಿ ಸಣ್ಣ ನೀರಿನ ಹನಿ ಕಾಣುತ್ತದೆ, ನೋಡಲು ಚಂದವೇ. ಎಲೆ ಉಸಿರಾಡುವ ರಂಧ್ರದ ಮೂಲಕವೇ ಬಾಯಿ ತೂರಿಸಿ ರಸ ಹೀರುತ್ತದೆ. ಇದನ್ನು ಮೊದಲು ಗುರುತಿಸಿ ಹೆಸರಿಟ್ಟದ್ದು 1924ರಲ್ಲಿ, ಕೊಯಮತ್ತೂರಿನ ತೆಂಗಿನ ಎಲೆಯಿಂದ. ನಮ್ಮದೇ ಕಡೆಯ ಈ ನುಸಿ 2004ರಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಕಾಣಿಸಿಕೊಂಡು, 2007ಕ್ಕೆ ಅಮೆರಿಕದ ಫ್ಲೋರಿಡಾ ತಲುಪಿತು. ಅಲ್ಲಿ ತೆಂಗು, ಬಾಳೆಗೆಲ್ಲ ಹತ್ತಿ ದೊಡ್ಡ ತಲೆಬಿಸಿ ಆಯಿತು.

ತೆಂಗಿನಕಾಯಿಯ ನುಸಿ ಮೂರನೆಯದು. ಅದಕ್ಕೆ ನಾಲ್ಕೇ ಕಾಲು, ಹುಳದ ಹಾಗೆ ಉದ್ದ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಎಳೆ ಕಾಯಿಯ ತೊಟ್ಟಿನ ಒಳಗೆ ಅಡಗಿ ಕೂರುತ್ತದೆ. ಕೇರಳದಲ್ಲಿ 1998ರಲ್ಲಿ ಕಂಡದ್ದು. ಅದು ನಿಮ್ಮ ಅಲಸಂಡೆಗೆ ಬರುವುದಿಲ್ಲ, ಆ ಚಿಂತೆ ಬಿಡಿ.

ಈಗ ಸಸಿಗೆ ಬರುವ. ದೊಡ್ಡ ಮರಕ್ಕೆ ನುಸಿ ಬಂದರೂ ಗೊತ್ತಾಗುವುದಿಲ್ಲ, ಸಸಿಗೆ ಮಾತ್ರ ಕಷ್ಟ. ಹೊಸ ತೋಟ, ನೆರಳು ಇಲ್ಲ, ಬಿಸಿಲು ನೇರ ಬೀಳುತ್ತದೆ, ಅಲ್ಲಿಯೇ ಜಾಸ್ತಿ. ಎಲೆ ಹಳದಿ ಆಗಿ ಆಮೇಲೆ ತಾಮ್ರದ ಬಣ್ಣಕ್ಕೆ ಬರುತ್ತದೆ. ಜನ ಹಳದಿ ರೋಗ ಅಂತ ಹೆದರಿ ಸಿಕ್ಕಿದ್ದೆಲ್ಲ ಗೊಬ್ಬರ ಹಾಕುತ್ತಾರೆ. ಎಲೆ ಮಗುಚಿ ನೋಡುವವರು ಇಲ್ಲ. ನೋಡಿ, ಅಡಿಯಲ್ಲಿ ನುಸಿ ಇದ್ದರೆ ಅದೇ, ಇಲ್ಲದಿದ್ದರೆ ಬಿಸಿಲಿಗೆ ಸುಟ್ಟದ್ದೋ ಬೇರೆಯೋ.

ತೆಂಗಿನ ಮಡಲು (ಗರಿ) ಕಟ್ಟಿ ನೆರಳು ಕೊಡಿ, ಪಡುವಣ ಮತ್ತು ತೆಂಕಣ ಬದಿಗೆ ಮುಖ್ಯವಾಗಿ. ಬುಡಕ್ಕೆ ಸೊಪ್ಪು ಹಾಕಿ. ಸಾಲಿನ ನಡುವೆ ಬಾಳೆ ಇಟ್ಟರೆ ಮುಂದಿನ ಬೇಸಗೆಗೆ ನೆರಳಾಗುತ್ತದೆ, ಗೊನೆಯೂ ಸಿಗುತ್ತದೆ. ಸ್ಪ್ರಿಂಕ್ಲರ್ ತೆಗೆದು ಡ್ರಿಪ್ ಹಾಕಿದ ತೋಟಗಳಲ್ಲಿ ಬೇಸಗೆ ಪೂರ್ತಿ ಎಲೆ ಒದ್ದೆಯಾಗುವುದೇ ಇಲ್ಲ, ಹಾಗಿದ್ದರೆ ವಾರಕ್ಕೊಮ್ಮೆ ಪೈಪು ಹಿಡಿದು ಸಸಿಯನ್ನು ಅಡಿಯಿಂದ ತೊಳೆಯಿರಿ. ರಸ್ತೆಬದಿಯಾ ನಿಮ್ಮದು? ಕೆಂಪುಕಲ್ಲಿನ ಲಾರಿ ಓಡಾಡುವ ಬದಿಯ ಗಿಡಗಳಿಗೆ ನುಸಿ ಯಾವಾಗಲೂ ಹೆಚ್ಚು. ಎಲೆಯ ಮೇಲೆ ಧೂಳು ಕೂತರೆ ನುಸಿ ತಿನ್ನುವ ಹುಳಗಳಿಗೆ ಬೇಟೆ ಸರಿಯಾಗಿ ಆಗುವುದಿಲ್ಲ.

ಮತ್ತೆ ಗೋಬರ್ ಗ್ಯಾಸಿನ ಸ್ಲರಿ, ಯೂರಿಯಾ ಸದ್ಯಕ್ಕೆ ಕಡಿಮೆ ಮಾಡಿ, ಗದ್ದೆಯಲ್ಲೂ. ಸಾರಜನಕ ಜಾಸ್ತಿ ಆದಷ್ಟು ಎಲೆ ಮೆತ್ತಗೆ, ನುಸಿಗೆ ಹಬ್ಬ.

ಮುಳ್ಳೇರಿಯದ_ಕೈತೋಟ

ಗಂಧಕದ್ದು: ಸೌತೆಗೆ ಬೇಡ. ಸೌತೆ, ಹೀರೆ, ಕುಂಬಳದ ಜಾತಿಯ ಎಲೆಗಳು ಗಂಧಕಕ್ಕೆ ಸುಡುತ್ತವೆ. ಅದಕ್ಕೆ ಇನ್ನೂ ನುಸಿ ಬಂದೇ ಇಲ್ಲ, ಸುಮ್ನೆ ಯಾಕೆ ಮುಟ್ಟುವುದು.

ಬೆಂಡೆ, ಬದನೆಗೆ ಆಗುತ್ತದೆ. ನೀರಿನಲ್ಲಿ ಕದಡುವ 80 ಶೇಕಡಾದ್ದು ಸಿಗುತ್ತದೆ, ಲೀಟರಿಗೆ 2 ಗ್ರಾಂ ಸಾಕು. ಆದರೆ ಈಗ ಮಧ್ಯಾಹ್ನ 33–34 ಡಿಗ್ರಿ ಆಗುತ್ತಾ ಉಂಟು, ಆ ಸೆಕೆಗೆ ಗಂಧಕ ಯಾವ ಎಲೆಯನ್ನೂ ಸುಡಬಹುದು. ಬಿಸಿಲು ಇಳಿದ ಮೇಲೆ ಬಿಡಿ, ಅದೂ ಮೊದಲು ಎರಡು ಗಿಡಕ್ಕೆ ಬಿಟ್ಟು ನೋಡಿ. ಮುಖ್ಯದ್ದು, ಬೇವಿನೆಣ್ಣೆ ಹೊಡೆದ ಗಿಡಕ್ಕೆ ಎರಡು ವಾರ ಗಂಧಕ ಮುಟ್ಟಿಸಬಾರದು. ಎಣ್ಣೆ, ಗಂಧಕ ಎರಡೂ ಸೇರಿದರೆ ಎಲೆ ಹೋಯಿತು ಅಂತಲೇ ಲೆಕ್ಕ. ಒಂದು ಸಾಲಿಗೆ ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.

ನೀರ್ಚಾಲು_ಕೃಷಿಕ

ಅಕ್ಕ ಹೇಳಿದ್ದು ಸರಿ. ಗಂಧಕ ನುಸಿ ತಿನ್ನುವ ಒಳ್ಳೆಯ ನುಸಿಗೂ ತೊಂದರೆ ಕೊಡುತ್ತದೆ, ಹಾಗಾಗಿ ನಾನಾದರೆ ಮೊದಲು ನೀರಿಗೆ ಒಂದು ವಾರ ಕೊಡುತ್ತೇನೆ. ನಡುವೆ ಎಲೆ ಮಗುಚಿ ನೋಡುತ್ತಾ ಇರಿ. ಆ ಕಪ್ಪು ಸಣ್ಣ ಹುಳ ಕಂಡರೆ ಯಾವ ಮದ್ದನ್ನೂ ಹೊಡೆಯಬೇಡಿ, ಕೆಲಸ ಅದೇ ಮಾಡುತ್ತದೆ. ಹಳೆ ಎಲೆಯ ಚುಕ್ಕಿ ಹೋಗುವುದಿಲ್ಲ, ಅದನ್ನು ನೋಡಿ ಬೇಸರ ಮಾಡಬೇಡಿ, ಹೊಸದಾಗಿ ಬಂದ ತುದಿ ಎಲೆ ಹಸುರಾಗಿ ಉಂಟಾ ಅಷ್ಟು ನೋಡಿ.

ಪೆರ್ಲ_ಗದ್ದೆಬದಿ

ಸಸಿಯ ಎಲೆ ಮಗುಚಿದೆ. ಬಲೆ ಇಲ್ಲ, ಕೆಂಪು ಚುಕ್ಕಿ ಉಂಟು, ಹನಿ ಇದೆಯಾ ಗೊತ್ತಾಗುತ್ತಿಲ್ಲ. ಎಲೆ ಎಲ್ಲಿಗಾದರೂ ತೆಗೆದುಕೊಂಡು ಹೋಗಿ ತೋರಿಸಬಹುದಾ? ಹೇಗೆ ಕೊಂಡು ಹೋಗುವುದು?

ಬದಿಯಡ್ಕ_ಅಡಿಕೆ

ಮೊದಲು ನಿಮ್ಮ ಪಂಚಾಯತಿನ ಕೃಷಿಭವನ. ಅಲ್ಲಿ ತೀರ್ಮಾನ ಆಗದಿದ್ದರೆ ಕಾಸರಗೋಡು ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ), ಕೃಷಿ ವಿಜ್ಞಾನ ಕೇಂದ್ರವೂ ಅವರದ್ದೇ. ಅಡಿಕೆ, ತೆಂಗಿನ ವಿಷಯಕ್ಕೆ ಅದು ಒಳ್ಳೆಯ ಜಾಗ.

ಎಲೆಯನ್ನು ಬೆಳಗ್ಗೆ ಕೊಯ್ಯಿರಿ. ಒಣ ಪೇಪರಿನಲ್ಲಿ ಸುತ್ತಿ ಆಮೇಲೆ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಬಾಯಿ ಕಟ್ಟಿ, ನೇರ ತೊಟ್ಟೆಗೆ ಹಾಕಿದರೆ ಬೆವರಿ ಕೊಳೆಯುತ್ತದೆ. ಪೂರ್ತಿ ಒಣಗಿದ ಎಲೆ ಕೊಂಡುಹೋಗಬೇಡಿ, ಅದರಲ್ಲಿ ನುಸಿ ಇರುವುದಿಲ್ಲ, ಹಸುರು–ಹಳದಿ ಮಿಶ್ರ ಇರುವುದು ಬೇಕು. ಅಲಸಂಡೆ ಎಲೆ ಕೊಂಡುಹೋಗುವುದಾದರೆ ಬೇರೆ ತೊಟ್ಟೆ. ಬಿಟ್ಟ ಮದ್ದಿನ ಹೆಸರು, ತಾರೀಕು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮೊದಲು ಕೇಳುವುದೇ ಅದನ್ನು. ಬೈಕಿನಲ್ಲಿ ಹೋಗುವುದಾದರೆ ಬಿಸಿಲಿಗೆ ಇಡಬೇಡಿ. ಶನಿವಾರ ಹೋಗುವ ಅಂದಾಜು ಇದ್ದರೆ ಮೊದಲೇ ಫೋನ್ ಮಾಡಿ ಕೇಳಿ.